ಪುಟ್ಟಿ, ಅತ್ತೆನ ಆ ಮೆಟ್ಟಿಲು ಹತ್ತಿಸ್ಬೇಡ

ಪುಟ್ಟಿ, ಈಗ ನೋಡ್ದೆ ನಿನ್ ಮೆಸೇಜು. ಟೈಪ್ ಮಾಡಕ್ಕಾಗಲ್ಲ, ಮಾತಾಡ್ತೀನಿ, ಪೂರ್ತಿ ಕೇಳು. ನಿಮ್ಮತ್ತೆಗೆ ಮಂಡಿನೋವು, ಇಟಲಿಯ ಚಿಂಕ್ವೆ ತೆರ್ರೆಗೆ, ಅದೇ ಸಮುದ್ರದಂಡೆಯ ಆ ಐದೂರಿಗೆ, ಕರ್ಕೊಂಡ್ ಹೋಗ್ಬಹುದಾ, ನಮಗೆ ಅಲ್ಲಿ ಊಟ ಸಿಗುತ್ತಾ ಅಂತ ತಾನೆ? ಹೋಗ್ಬಹುದು. ಆದ್ರೆ ಅದ್ರಲ್ಲಿ ಕೊರ್ನೀಲ್ಯ ಅನ್ನೋ ಊರಲ್ಲಿ ಮೆಟ್ಟಿಲು ಹತ್ತಿಸ್ಬೇಡ.

ಮಿಕ್ಕ ನಾಲ್ಕೂರು, ರಿಯೋಮಜ್ಜೋರೆ, ಮಾನರೋಲಾ, ವೆರ್ನಾತ್ಸಾ, ಮೊಂತೆರೊಸ್ಸೊ, ನೀರಿನ ಪಕ್ಕಕ್ಕೇ ಇವೆ, ದೋಣಿ ನಿಲ್ಲುತ್ತೆ. ಕೊರ್ನೀಲ್ಯ ಒಂದು ಮಾತ್ರ ಸಮುದ್ರದಿಂದ ಸುಮಾರು 100 ಮೀಟರ್ ಮೇಲೆ, ಬಂಡೆ ನೆತ್ತೀಲಿ. ದೋಣಿ ಇಲ್ಲ. ರೈಲು ಕೆಳಗೆ ಇಳಿಸಿ ಹೋಗುತ್ತೆ, ಅಲ್ಲಿಂದ ಊರಿಗೆ ಇಟ್ಟಿಗೆ ಮೆಟ್ಟಿಲು, 380ರ ಹತ್ತಿರ, ಅಂಕುಡೊಂಕು. ನಿಮ್ ದೊಡ್ಡಪ್ಪ ಗೊತ್ತಲ್ಲ, ಕಾಯೋದು ಅಂದ್ರೆ ಆಗದು. ‘ಚಾಮುಂಡಿ ಬೆಟ್ಟ ಹತ್ತಿದೋನು ನಾನು’ ಅಂತ ಜುಲೈ ಮಧ್ಯಾಹ್ನದ ಬಿಸಿಲಲ್ಲಿ ಹೊರಟ್ರು. ಹತ್ತೋವಾಗ ಏನೂ ಆಗ್ಲಿಲ್ಲ. ಇಳಿಯೋವಾಗ ಹಿಡ್ಕೊಳ್ತು ನೋಡು! ಇಳಿಯೋವಾಗ್ಲೇ ಮೈಭಾರ ಮಂಡಿಚಿಪ್ಪಿನ ಮೇಲೆ ಜಾಸ್ತಿ ಬೀಳೋದು. ರಾತ್ರಿಗೆ ಗುಂಡು ಬದನೆಕಾಯಿ ಥರ ಊದಿತ್ತು, ಮಾರನೇ ದಿನ ಪೋರ್ತೊವೇನೆರೆ ಅನ್ನೋ ಊರಿಗೆ ಹೋಗೋದು ಅಲ್ಲಿಗೇ ಬಿಟ್ಟೋಯ್ತು.

ಇದನ್ನೆಲ್ಲ ಆಗ್ಲೇ ಗ್ರೂಪಲ್ಲಿ ಹೇಳಿದ್ದೆ. ಯಾರ್ ಕೇಳ್ತಾರೆ? ನಾನು ಹಾಕಿದ್ ಫೋಟೋಗೆ ಒಂದು ಹೆಬ್ಬೆಟ್ಟು, ಮುಗೀತು. ಅದೇ ಶಿವಮೊಗ್ಗದ ಚಿಕ್ಕಪ್ಪ ಟೂರಿನವನ ಪಾಂಪ್ಲೆಟ್ ಹಾಕಿದ್ರೆ ಎಲ್ಲರೂ ‘ಸೂಪರ್, ಸೂಪರ್’. ಆ ಟೂರಿನವ್ರು ಐದೂರನ್ನ ಒಂದೇ ದಿನಕ್ಕೆ ತುರುಕ್ತಾರೆ, ಅತ್ತೆ ಅವರ ಹಿಂದೆ ಓಡ್ಬೇಕಾ? ಇರ್ಲಿ, ಮತ್ತೆ ಹೇಳ್ತಿದೀನಿ, ಆ ಮೆಟ್ಟಿಲು ಬೇಡ, ಇಳಿಯಕ್ಕೂ ಬೇಡ.

ಅಯ್ಯೋ, ಮುಖ್ಯವಾದ್ದೇ ಬಿಟ್ಟೆ. ಬಸ್ಸಿದೆ! ಕೊರ್ನೀಲ್ಯ ಸ್ಟೇಷನ್ ಹೊರಗಡೆಯಿಂದ್ಲೇ ಸಣ್ಣ ಬಸ್ಸು ಊರೊಳಗೆ ಹೋಗುತ್ತೆ. ಚಿಂಕ್ವೆ ತೆರ್ರೆ ಕಾರ್ಡ್ ಅಂತ ಪಾಸ್ ಇದೆ, ಅದ್ರಲ್ಲಿ ಎರಡು ಥರ, ನೀನು ರೈಲಿರೋದನ್ನ ತಗೋ. ಐದೂರಿನ ಆಚೆಗಿರೋ ಲೆವಾಂತೊದಿಂದ ಈಚೆಗಿರೋ ಲಾ ಸ್ಪೆತ್ಸಿಯಾವರೆಗೆ ರೈಲು, ಈ ಬಸ್ಸು, ಎಲ್ಲಾ ಅದ್ರಲ್ಲೇ ಬರುತ್ತೆ. ಕಾಗದದ ಕಾರ್ಡಾದ್ರೆ ಹತ್ತೋ ಮುಂಚೆ ಸ್ಟೇಷನ್ನಿನ ಮಷೀನಲ್ಲಿ ಮುದ್ರೆ ಒತ್ತಿಸ್ಕೋ, ಇಲ್ದಿದ್ರೆ ದಂಡ. ರೂಮು ಲಾ ಸ್ಪೆತ್ಸಿಯಾದಲ್ಲೇ ಮಾಡು, ರಿಯೋಮಜ್ಜೋರೆಗೆ ರೈಲಲ್ಲಿ ಹತ್ತು ನಿಮಿಷದೊಳಗೆ.

ಊಟಕ್ಕೆ ಅವಲಕ್ಕಿ ಮೂಟೆ ಕಟ್ಬೇಡ. ಫಾರಿನಾತಾ ಕೇಳು. ಕಡ್ಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಅಗಲದ ತಾಮ್ರದ ತಟ್ಟೇಲಿ ತೆಳ್ಳಗೆ ಹುಯ್ದು ಕಟ್ಟಿಗೆ ಒಲೇಲಿ ಬೇಯಿಸ್ತಾರೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಮೆಶೂವಾ ಅಂತ ಲಾ ಸ್ಪೆತ್ಸಿಯಾದ್ದೇ ಸೂಪು, ಕಾಬೂಲಿ ಕಡ್ಲೆ, ಬಿಳಿ ಹುರುಳಿಕಾಯಿ ಬೀಜ, ಗೋಧಿ. ಪೆಸ್ಟೋ ಅನ್ನೋ ಅವರ ಹಸಿರು ಚಟ್ನೀಲಿ ಪಾರ್ಮಿಜಾನೊ ಅನ್ನೋ ಚೀಸ್ ಇರುತ್ತೆ, ಅದಕ್ಕೆ ಹಾಲು ಒಡೆಸಕ್ಕೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ, ಅತ್ತೆಗೆ ಮೊದ್ಲೇ ಹೇಳ್ಬಿಡು. ಮೆನುಲಿ ‘ಅಚ್ಚೂಗೆ’ ಅಂತ ಇದ್ರೆ ಅದು ಮೀನು, ಪಿಜ್ಜಾ ಮೇಲೂ ಹಾಕ್ತಾರೆ. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’ ಅನ್ನು, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ ಆಗುತ್ತೆ. ಸರಿ, ಕುಕ್ಕರ್ ಕೂಗ್ತಿದೆ, ಇಡ್ತೀನಿ.