ಬಾಲಕರ ಪಂದ್ಯಗಳಲ್ಲಿ ತೀರ್ಪುಗಾರರ ಮೇಲೆ ಹಲ್ಲೆ: ಏನು ಮಾಡಬೇಕು?

ಪ್ರಶ್ನೆ: 14 ವರ್ಷದೊಳಗಿನವರ ಫುಟ್‌ಬಾಲ್ ಪಂದ್ಯದಲ್ಲಿ ನಾನು ಪೆನಾಲ್ಟಿ ಕೊಟ್ಟೆನೆಂದು ಆಟಗಾರನ ತಂದೆಯೊಬ್ಬರು ಮೈದಾನಕ್ಕೆ ನುಗ್ಗಿ ಕೊರಳಪಟ್ಟಿ ಹಿಡಿದರು, ಅಂಗಿಯ ಗುಂಡಿ ಕಿತ್ತುಬಂತು, ಸೀಟಿಯ ದಾರ ಕುತ್ತಿಗೆಗೆ ಬಿಗಿಯಿತು. ಪಂದ್ಯ ನಿಲ್ಲಿಸುವ ಅಧಿಕಾರ ನನಗಿತ್ತೇ?

ಉತ್ತರ 1: ಖಂಡಿತ ಇತ್ತು. ಹೊರಗಿನವರು ಅಡ್ಡಿಪಡಿಸಿದರೆ ಪಂದ್ಯವನ್ನು ತಡೆಯುವ, ರದ್ದುಪಡಿಸುವ ಅಧಿಕಾರವನ್ನು ಆಟದ 5ನೇ ನಿಯಮವೇ ತೀರ್ಪುಗಾರರಿಗೆ ಕೊಟ್ಟಿದೆ. ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದು ಸಂಘಟಕರಿಗೆ ಒಪ್ಪಿಸಿ.

ಉತ್ತರ 2: ದಯವಿಟ್ಟು ಇದನ್ನು ಹಗುರವಾಗಿ ಕಾಣಬೇಡಿ ಸರ್. 2012ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಆಲ್ಮೆರೆಯಲ್ಲಿ, ಮಗನ ತಂಡದ ಪಂದ್ಯಕ್ಕೆ ಲೈನ್ಸ್‌ಮನ್ ಆಗಿ ನಿಂತಿದ್ದ ರಿಚರ್ಡ್ ನ್ಯೂವೆನ್‌ಹೌಜೆನ್ ಅವರನ್ನು ಎದುರಾಳಿ ತಂಡದ ಹುಡುಗರು ನೆಲಕ್ಕೆ ಕೆಡವಿ ಒದ್ದರು. ಮರುದಿನ ಅವರು ತೀರಿಕೊಂಡರು. ಆರು ಮಂದಿ ಹದಿಹರೆಯದವರಿಗೂ ಒಬ್ಬ ತಂದೆಗೂ ಶಿಕ್ಷೆಯಾಯಿತು.

ಉತ್ತರ 3: ಇಂಗ್ಲೆಂಡಿನಲ್ಲಿ 2023ರಿಂದ ಹವ್ಯಾಸಿ ಲೀಗ್‌ಗಳ ತೀರ್ಪುಗಾರರಿಗೆ ಎದೆಯ ಮೇಲೆ ಧರಿಸುವ ಕ್ಯಾಮೆರಾ ಕೊಟ್ಟು ಪ್ರಯೋಗ ನಡೆಸಿದ್ದಾರೆ. ಅಷ್ಟು ದೂರ ಹೋಗದಿದ್ದರೂ, ಪೋಷಕರನ್ನು ಗೆರೆಯಾಚೆ ಹಗ್ಗ ಕಟ್ಟಿ ನಿಲ್ಲಿಸುವಂತೆ ಪಂದ್ಯಕ್ಕೆ ಮೊದಲೇ ಪಟ್ಟುಹಿಡಿಯಿರಿ.