ಮಗಳ ಕಾಲೇಜಿನ ಸಾಕರ್ ತಂಡ ಸೋತಿದೆ, ಅವಳಿಗೆ ಏನು ಹೇಳಲಿ?

ಕೇಳಿದವರು, ಮೈಸೂರಿನಿಂದ

ನಮಸ್ಕಾರ. ಮಗಳು ಅಮೆರಿಕದಲ್ಲಿ ಎರಡನೇ ವರ್ಷದ ಡಿಗ್ರಿ ಓದ್ತಿದ್ದಾಳೆ. ಅವಳ ಕಾಲೇಜಿನ ಹೆಣ್ಣುಮಕ್ಕಳ ಸಾಕರ್ ತಂಡ (ನಮ್ಮ ಫುಟ್‌ಬಾಲನ್ನೇ ಅಲ್ಲಿ ಸಾಕರ್ ಅಂತಾರೆ) ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಟೂರ್ನಿಯಲ್ಲಿ ಮೊನ್ನೆ ಪಂದ್ಯ ಸಮ ಆಗಿ, ಆಮೇಲೆ ಒಬ್ಬೊಬ್ಬರಾಗಿ ಗೋಲಿಗೆ ಒದೆಯುವ ಪೆನಾಲ್ಟಿಯಲ್ಲಿ ಸೋತು ಹೊರಬಿತ್ತು. ಇವಳು ಆಡುವವಳಲ್ಲ, ಸ್ಟ್ಯಾಂಡಿನಲ್ಲಿ ನಿಂತು ಡ್ರಮ್ ಬಾರಿಸುವ ಗುಂಪಿನವಳು. ಆಗಸ್ಟಿನಿಂದ ಊರಲ್ಲಿ ನಡೆದ ಒಂದು ಪಂದ್ಯವನ್ನೂ ಬಿಟ್ಟಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಅಂಗೈ ತುಂಬಾ ಬೊಬ್ಬೆ, ಕಣ್ಣು ಊದಿಕೊಂಡಿದೆ. ನಾನು "ಸರಿ ಬಿಡು ಪುಟ್ಟಿ, ಮುಂದಿನ ವರ್ಷ ಗೆಲ್ತಾರೆ" ಅಂದೆ. ಫೋನ್ ಇಟ್ಟುಬಿಟ್ಟಳು. ಮೂರು ದಿನ ಆಯ್ತು, ಕೇಳಿದ್ದಕ್ಕೆ ಹೂಂ ಉಹೂಂ ಬಿಟ್ಟರೆ ಮಾತಿಲ್ಲ. ಮುಂದೆ ಪರೀಕ್ಷೆ ಇದೆ. ನನಗೆ ಫುಟ್‌ಬಾಲ್ ಗೊತ್ತಿಲ್ಲ. ಇಂಥದ್ದನ್ನು ಕಂಡವರು ಇದ್ದರೆ ನಾನು ಏನು ಹೇಳಬಾರದಿತ್ತು, ಈಗ ಏನು ಮಾಡಲಿ, ದಯವಿಟ್ಟು ತಿಳಿಸಿ.

ಕ್ಯಾರಿ, ನಾರ್ತ್ ಕ್ಯಾರೊಲೈನಾದಿಂದ

ಅಕ್ಕ, ನೀವು ಒಳ್ಳೇ ಮನಸ್ಸಿಂದಲೇ ಹೇಳಿದ್ದೀರಿ. ಆದರೆ ಚುಚ್ಚಿದ್ದು ಆ "ಮುಂದಿನ ವರ್ಷ" ಅನ್ನೋ ಮಾತೇ ಇರಬೇಕು. ನಾನೂ ಅದೇ ತಪ್ಪು ಮಾಡಿದವನು.

ನಮ್ಮ ಮನೆಯಿಂದ ವೇಕ್‌ಮೆಡ್ ಸಾಕರ್ ಪಾರ್ಕ್ ಹತ್ತಿರ. 2022ರ ಡಿಸೆಂಬರ್ 5ರಂದು ಎನ್‌ಸಿಎಎ ಹೆಂಗಸರ ಫೈನಲ್ ಅಲ್ಲೇ ಇತ್ತು, ನಮ್ಮ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಕ್ಕೂ ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೂ. ನನ್ನ ಮಗಳಿಗೆ ಆಗ ಹತ್ತು ವರ್ಷ. ತಿಳಿನೀಲಿ ಸ್ಕಾರ್ಫ್ ಸುತ್ತಿಕೊಂಡು ಬಂದಿದ್ದಳು. ನಮ್ಮ ತಂಡ ಏವರಿ ಪ್ಯಾಟರ್ಸನ್ ಹೊಡೆದ ಎರಡು ಗೋಲಿನಿಂದ 2-0 ಮುಂದಿತ್ತು. ಯುಸಿಎಲ್‌ಎ ಒಂದು ಗೋಲು ತೀರಿಸಿತು. ಇಲ್ಲಿನ ಕಾಲೇಜು ಸಾಕರ್‌ನಲ್ಲಿ ಗಡಿಯಾರ ಏರೋದಿಲ್ಲ, 45 ನಿಮಿಷದಿಂದ ಕೆಳಕ್ಕೆ ಇಳೀತಾ ಬರುತ್ತೆ. ಹಾಗಾಗಿ ಕೊನೇ ನಿಮಿಷದಲ್ಲಿ ಎಲ್ಲರ ಕಣ್ಣೂ ಬೋರ್ಡಿನ ಮೇಲೆ. ಮಗಳು ಜೋರಾಗಿ ಎಣಿಸ್ತಿದ್ದಳು. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು. ಹದಿನಾರಕ್ಕೆ ಬಂದಾಗ ಕಾರ್ನರ್‌ನಿಂದ ಬಂದ ಚೆಂಡು ನಮ್ಮ ಬಲೆಯೊಳಗೆ ಹೋಯ್ತು, 2-2. ಹೆಚ್ಚುವರಿ ಅವಧಿಯಲ್ಲಿ ಯುಸಿಎಲ್‌ಎ ಇನ್ನೊಂದು ಹೊಡೆದು 3-2 ಗೆದ್ದಿತು.

ನಮ್ಮ ಹುಡುಗಿಯರು ಹುಲ್ಲಿನ ಮೇಲೆ ಕೂತುಬಿಟ್ಟರು. ಆ ಕಡೆ ಕಪ್ ಕೊಡೋ ವೇದಿಕೆ ಸಿದ್ಧ ಆಗ್ತಿತ್ತು, ಈ ಕಡೆ ಒಬ್ಬಳು ಎದ್ದು ಇನ್ನೊಬ್ಬಳ ಕೈ ಹಿಡಿದು ಎಬ್ಬಿಸೋಕೆ ನೋಡಿ ತಾನೂ ಪಕ್ಕದಲ್ಲೇ ಕೂತಳು. ಮಗಳು ಕೇಳಿದಳು, "ಅಪ್ಪ, ಅವರು ಯಾಕೆ ಮನೆಗೆ ಹೋಗ್ತಿಲ್ಲ?" ನಾನು ನಿಮ್ಮ ಹಾಗೇ, "ಮುಂದಿನ ವರ್ಷ ಗೆಲ್ತಾರೆ ಬಾ" ಅಂದೆ.

ಗೆದ್ದರು ಕೂಡ, ಎರಡು ವರ್ಷ ಬಿಟ್ಟು. 2024ರ ಡಿಸೆಂಬರ್‌ನಲ್ಲಿ ಅದೇ ಮೈದಾನದಲ್ಲಿ ವೇಕ್ ಫಾರೆಸ್ಟ್ ವಿರುದ್ಧ 1-0. ಅವರಿಗದು 22ನೇ ಪ್ರಶಸ್ತಿ. ಅದಕ್ಕೆ ಹಿಂದಿನದು 2012ರಲ್ಲಿ, ನಡುವೆ 2018, 2019, 2022 ಅಂತ ಮೂರು ಫೈನಲ್ ಕೈತಪ್ಪಿತ್ತು. 1979ರಿಂದ ತಂಡ ಕಟ್ಟಿದ್ದ ಕೋಚ್ ಆನ್ಸನ್ ಡೊರನ್ಸ್ ಆ ಸೀಸನ್ ಶುರುವಾಗೋ ಮುಂಚೆಯೇ ನಿವೃತ್ತರಾಗಿದ್ದರು. ಗೆದ್ದ ದಿನ ಮಗಳು ಕುಣಿದಳು, ಕೂಗಿದಳು. ಕಾರ್ ಹತ್ತಿದ ಮೇಲೆ ಮಾತ್ರ, "ಅವತ್ತು ಎರಡು ಗೋಲು ಹೊಡೆದ ಅಕ್ಕ ಇವತ್ತು ಇರಲಿಲ್ಲ ಅಲ್ವಾ" ಅಂದಳು. ಪ್ಯಾಟರ್ಸನ್ ಅಷ್ಟರಲ್ಲಿ ಕಾಲೇಜು ಮುಗಿಸಿ ಹ್ಯೂಸ್ಟನ್‌ನ ವೃತ್ತಿಪರ ತಂಡಕ್ಕೆ ಹೋಗಿಯಾಗಿತ್ತು.

ಅವಳಿಗೆ ಹತ್ತು ವರ್ಷಕ್ಕೇ ಗೊತ್ತಾಗಿತ್ತು, ನನಗೆ ಗೊತ್ತಾಗಿರಲಿಲ್ಲ. ಕಾಲೇಜು ತಂಡ ಅಂದರೆ ಕ್ಲಬ್ ಅಲ್ಲ, ನಾಲ್ಕು ವರ್ಷ ಆಡಿ ಎದ್ದುಹೋಗ್ತಾರೆ. ನಿಮ್ಮ ಮಗಳು ಅಳ್ತಿರೋದು ಕಾಲೇಜಿನ ಹೆಸರಿಗಲ್ಲ ಅಕ್ಕ, ಆ ತಂಡದ ಸೀನಿಯರ್‌ಗಳಿಗೆ. ಅವರಿಗೆ ಮುಂದಿನ ವರ್ಷ ಅನ್ನೋದೇ ಇಲ್ಲ.

ಬ್ಲೂಮಿಂಗ್ಟನ್, ಇಂಡಿಯಾನಾದಿಂದ

ಮೇಲಿನವರ ಮಾತು ನಿಜ. ನನ್ನದೊಂದು ಸೇರಿಸ್ತೀನಿ.

ನಾನು ಇಲ್ಲಿಗೆ ಓದೋಕೆ ಬಂದಿದ್ದು 2002ರಲ್ಲಿ. 2003ರಲ್ಲಿ ನಮ್ಮ ಇಂಡಿಯಾನಾ ವಿಶ್ವವಿದ್ಯಾಲಯದ ಗಂಡುಮಕ್ಕಳ ತಂಡ ಎನ್‌ಸಿಎಎ ಕಪ್ ಗೆದ್ದಿತು, ಕೋಚ್ ಜೆರ್ರಿ ಯೇಗ್ಲಿಯವರ ಕೊನೇ ಸೀಸನ್ ಅದು. ಮರುವರ್ಷ ಮತ್ತೆ ಗೆದ್ದಿತು, ಸ್ಯಾಂಟಾ ಬಾರ್ಬರಾ ತಂಡದ ವಿರುದ್ಧ ಪೆನಾಲ್ಟಿಯಲ್ಲಿ. ಬಂದ ಹೊಸದರಲ್ಲೇ ಎರಡು ಕಪ್ ಕಂಡವನಿಗೆ ಇದು ಪ್ರತಿವರ್ಷದ ಹಬ್ಬ ಅನ್ನಿಸಿಬಿಟ್ಟಿತ್ತು. ಗಂಡುಮಕ್ಕಳ ಸಾಕರ್‌ನಲ್ಲಿ ಎಂಟು ಪ್ರಶಸ್ತಿ ಇರೋ ಕಾಲೇಜು ಇದು, ಎಂಟನೇದು 2012ರಲ್ಲಿ ಬಂತು. ಆಮೇಲೆ 2017ರಲ್ಲಿ ಸೀಸನ್ ಪೂರ್ತಿ ಒಂದೂ ಸೋಲಿಲ್ಲದೆ ಫೈನಲ್‌ಗೆ ಹೋಗಿ ಹೆಚ್ಚುವರಿ ಅವಧಿಯಲ್ಲಿ ಸ್ಟ್ಯಾನ್‌ಫರ್ಡ್‌ಗೆ 1-0 ಸೋತರು. ಕೋವಿಡ್‌ನಿಂದ 2021ರ ಮೇ ತಿಂಗಳಿಗೆ ಮುಂದೆಹೋದ ಫೈನಲ್‌ನಲ್ಲಿ ಮಾರ್ಷಲ್‌ಗೆ, ಅದೂ ಹೆಚ್ಚುವರಿ ಅವಧಿಯಲ್ಲಿ, ಅದೂ 1-0.

2022ರ ಡಿಸೆಂಬರ್ 12ರ ಫೈನಲ್‌ಗೆ ನಾನೂ ಮಗನೂ ಕ್ಯಾರಿವರೆಗೆ ಕಾರಲ್ಲಿ ಹೋದೆವು. ಹತ್ತು ಗಂಟೆಗೂ ಮಿಕ್ಕಿದ ದಾರಿ. ಸಿರಕ್ಯೂಸ್ ಎದುರು 2-1 ಹಿಂದಿದ್ದಾಗ ಹರ್ಬರ್ಟ್ ಎಂಡೆಲಿ ಸಮ ಮಾಡಿದ. ಮಗ ನನ್ನ ಜಾಕೆಟ್ ಹಿಡಿದು ಎಳೆದ ರಭಸಕ್ಕೆ ಜಿಪ್ ಕಿತ್ತುಬಂತು. ಕೊನೆಗೆ ಪೆನಾಲ್ಟಿಯಲ್ಲಿ 7-6 ಸೋತೆವು. ಮೊದಲ ಕಪ್ ಗೆದ್ದ ಸಂಭ್ರಮ ಅವರಿಗೆ, ವಾಪಸ್ ಹತ್ತು ಗಂಟೆ ದಾರಿ ನಮಗೆ.

ದಾರಿಯಲ್ಲಿ ಸಮಾಧಾನ ಹೇಳೋಕೆ ಹೋದೆ. "ನೋಡು, ಎನ್‌ಸಿಎಎ ಲೆಕ್ಕದಲ್ಲಿ ಪೆನಾಲ್ಟಿಗೆ ಹೋದ ಪಂದ್ಯ ಡ್ರಾ ಅಂತಲೇ ಬರೀತಾರೆ, ನಾವು ಸೋತಿಲ್ಲ" ಅಂದೆ. ಮಾತು ಸುಳ್ಳಲ್ಲ, ನಿಯಮ ಹಾಗೇ ಇದೆ. ಮಗ, "ಅಪ್ಪ, ಪ್ಲೀಸ್" ಅಂದ. ಅಷ್ಟೇ. ಆಮೇಲೆ ನಾನು ಬಾಯಿ ಮುಚ್ಚಿದೆ.

ಬೆಳಗಿನ ಜಾವ ಮೂರರ ಸುಮಾರಿಗೆ ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ ಪೆಟ್ರೋಲ್ ಹಾಕಿಸೋಕೆ ನಿಂತೆವು. ಹಂಟಿಂಗ್ಟನ್ ಅಂದರೆ ಮಾರ್ಷಲ್‌ನ ಊರು. ಕೌಂಟರಿನಲ್ಲಿದ್ದ ವಯಸ್ಸಾದವರು ಮಗನ ಕೆಂಪು ಟೋಪಿ ನೋಡಿ, "ನಿಮ್ಮನ್ನು ಸೋಲಿಸಿದ್ದು ನಮ್ಮ ಹುಡುಗರು. ಈ ಸಲ ನಿಮಗೆ ಸಿಗಬೇಕಿತ್ತು ಮಗು" ಅಂದರು. ಮಗ ಅಲ್ಲೇ ನಿಂತು ಅವರಿಗೆ ಪಂದ್ಯದ ಕಥೆ ಪೂರ್ತಿ ಹೇಳಿದ. ಯಾವ ಪೆನಾಲ್ಟಿ ಯಾವ ಮೂಲೆಗೆ ಹೋಯ್ತು ಅನ್ನೋದೂ ಸೇರಿ. ಅವರು ಗಿರಾಕಿ ಬಂದರೂ ಕಾಯಿಸಿ ಕೇಳಿದರು. ಕಾರಿಗೆ ಬಂದ ಮೇಲೆ ಅವನು ಚಿಪ್ಸ್ ಪ್ಯಾಕೆಟ್ ಒಡೆದ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ.

ಅದಕ್ಕೇ ನನ್ನ ಸಲಹೆ: ನೀವು ಏನೂ ಹೇಳಬೇಡಿ, ಅವಳ ಹತ್ರ ಹೇಳಿಸಿ. ನಿಮಗೆ ಫುಟ್‌ಬಾಲ್ ಗೊತ್ತಿಲ್ಲ ಅಂದಿರಿ, ಅದು ಒಳ್ಳೇದೇ ಆಯ್ತು. ಮೊದಲಿಂದ ಹೇಳು ಅಂತ ಕೇಳೋಕೆ ನಿಮಗೆ ಕಾರಣ ಇದೆ.

ಬರ್ಲಿಂಗ್ಟನ್, ವರ್ಮಾಂಟ್‌ನಿಂದ

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಅದೇ 2022ರಲ್ಲಿ ಅದೇ ಸಿರಕ್ಯೂಸ್ ನಮ್ಮ ವರ್ಮಾಂಟನ್ನು ಕ್ವಾರ್ಟರ್‌ಫೈನಲ್‌ನಲ್ಲಿ 2-1 ಮುಗಿಸಿತ್ತು. ಚಿಕ್ಕ ರಾಜ್ಯ, ನವೆಂಬರ್‌ಗೇ ಹಿಮ ಬೀಳೋ ಊರು, ಇಷ್ಟು ದೂರ ಹೋಗಿದ್ದೇ ಹೆಚ್ಚು ಅಂತ ಎಲ್ಲರೂ ಅಂದರು. ಎರಡು ವರ್ಷ ಆದಮೇಲೆ ಶ್ರೇಯಾಂಕವೇ ಇಲ್ಲದ ನಮ್ಮ ತಂಡ ಸೆಮಿಫೈನಲ್‌ನಲ್ಲಿ ಡೆನ್ವರನ್ನು ಪೆನಾಲ್ಟಿಯಲ್ಲಿ, ಫೈನಲ್‌ನಲ್ಲಿ ಮಾರ್ಷಲನ್ನು ಹೆಚ್ಚುವರಿ ಅವಧಿಯಲ್ಲಿ 2-1 ಸೋಲಿಸಿ ಮೊದಲ ಸಲ ಚಾಂಪಿಯನ್ ಆಯ್ತು. ಮ್ಯಾಕ್ಸಿಮಿಲಿಯನ್ ಕಿಸಲ್ ಆ ಗೋಲು ಹೊಡೆದಾಗ ಪಕ್ಕದ ಮನೆಯ ಅಜ್ಜಿ, ಸಾಕರ್ ಬಗ್ಗೆ ಒಂದು ಮಾತೂ ಆಡದವರು, ಹೊರಗೆ ಬಂದು ಚಳಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ಹಾಗಾಗಿ "ಮುಂದಿನ ವರ್ಷ" ಅನ್ನೋದು ಕೆಟ್ಟ ಮಾತಲ್ಲ ಮೇಡಂ. ಹೊತ್ತು ತಪ್ಪಿ ಬಂತು, ಅಷ್ಟೇ. ನಿಮ್ಮ ಮಗಳಿಗೆ ಇನ್ನೂ ಎರಡು ಸೀಸನ್ ಇದೆ. ಫೆಬ್ರವರಿಯಲ್ಲಿ ಹೇಳಿ, ಆಗ ಕೇಳಿಸ್ಕೋತಾಳೆ.

ಬೆಂಗಳೂರು ಆಸ್ಟಿನ್ ಟೌನ್‌ನಿಂದ

ಅಮ್ಮ, ನಮ್ಮ ಬೀದಿಯಲ್ಲಿ ಮಕ್ಕಳು ನಡೆಯೋದಕ್ಕೆ ಮೊದಲು ಚೆಂಡು ಒದೆಯೋದನ್ನ ಕಲೀತವೆ. ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿಯನ್ನ ನಮ್ಮ ಕರ್ನಾಟಕ ಮತ್ತೆ ಗೆಲ್ಲೋಕೆ 54 ವರ್ಷ ಕಾದಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2 ಗೆದ್ದಾಗ ನಮ್ಮಪ್ಪ ಇರಲಿಲ್ಲ. ಅವರು ಪ್ರತಿ ಸಲ ಕರ್ನಾಟಕ ಸೋತಾಗಲೂ ರಾತ್ರಿ ಊಟ ಮಾಡ್ತಿರಲಿಲ್ಲ. ನಮ್ಮಮ್ಮ ಜಗಳ ಆಡ್ತಿರಲಿಲ್ಲ, ತಟ್ಟೆ ಮುಚ್ಚಿಟ್ಟು ಮಲಗೋರು. ಬೆಳಿಗ್ಗೆ ತಟ್ಟೆ ಖಾಲಿ ಇರೋದು. ಮೂರು ದಿನಕ್ಕೆ ಹೆದರಬೇಡಿ. ಊಟ, ನಿದ್ದೆ, ಕ್ಲಾಸು ಪೂರ್ತಿ ಬಿಟ್ಟು ವಾರಗಟ್ಟಲೆ ಹೀಗೇ ಇದ್ದರೆ ಆಗ ಅದು ಆಟದ ವಿಷಯ ಮಾತ್ರ ಆಗಿರಲ್ಲ, ಕಾಲೇಜಿನಲ್ಲಿರೋ ಕೌನ್ಸೆಲರ್ ಹತ್ರ ಹೋಗೋಕೆ ಹೇಳಿ.

ಒಹಾಯೊದಿಂದ

ಮೇಡಂ, ನಾನು ಆಚೆ ಕಡೆಯವಳು. ನನ್ನ ಮಗ ಗೋಲ್‌ಕೀಪರ್ ಆಗಿದ್ದ, ಚಿಕ್ಕ ಕಾಲೇಜೊಂದರಲ್ಲಿ, ಡಿವಿಷನ್ ಮೂರರಲ್ಲಿ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ, ಟಿವಿಯವರು ಬರಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಪ್ರ್ಯಾಕ್ಟೀಸ್, ಆಮೇಲೆ ಲ್ಯಾಬ್. ಸುಮ್ಮನೆ ಆಸೆಗೆ ಆಡುವ ಮಕ್ಕಳು.

ಕೊನೇ ವರ್ಷ ಕಾನ್ಫರೆನ್ಸ್ ಟೂರ್ನಿಯ, ಅಂದರೆ ತಮ್ಮತಮ್ಮಲ್ಲೇ ಆಡೋ ಕಾಲೇಜುಗಳ ಗುಂಪಿನ ಟೂರ್ನಿಯ, ಸೆಮಿಫೈನಲ್. ಅವನು ಹಿಡಿಯಬೇಕಾಗಿದ್ದ ಚೆಂಡು, ಮಳೆಗೆ ಒದ್ದೆಯಾಗಿತ್ತು, ಗ್ಲೌಸ್‌ನಿಂದ ಜಾರಿತು. 1-0. ಮುಗೀತು. ಎಲ್ಲರೂ ಹೋದಮೇಲೂ ಅವನು ಗೋಲ್ ಕಂಬಕ್ಕೆ ಒರಗಿ ನಿಂತಿದ್ದ. ನಾನು ಹತ್ತಿರ ಹೋಗಲಿಲ್ಲ, ಹೋಗೋಕೆ ಧೈರ್ಯ ಬರಲಿಲ್ಲ. ದೀಪ ಆರಿಸೋಕೆ ಬಂದ ಸಿಬ್ಬಂದಿ ಇನ್ನೂ ಹತ್ತು ನಿಮಿಷ ಇರಲಿ ಬಿಡಿ ಅಂತ ಸುಮ್ಮನೆ ವಾಪಸ್ ಹೋದರು. ಅವರ ಉಪಕಾರ ನಾನು ಮರೆಯಲ್ಲ.

ಅವನ ಬ್ಯಾಗು ಒಂದು ತಿಂಗಳು ನನ್ನ ಕಾರಿನ ಡಿಕ್ಕಿಯಲ್ಲೇ ಇತ್ತು. ತೆಗೆದರೆ ಬೈತಾನೆ ಅಂತ ತೆಗೆಯಲಿಲ್ಲ, ಕಾರೆಲ್ಲ ಒದ್ದೆ ಹುಲ್ಲಿನ ಮುಗ್ಗಲು ವಾಸನೆ. ಕ್ರಿಸ್ಮಸ್ ರಜೆಗೆ ಬಂದಾಗ ಅವನೇ ಬಿಚ್ಚಿದ. ಅವತ್ತು ಅವನ ಕೈಯಲ್ಲಿ ಒಂದು ಕಾರ್ಡ್ ಇತ್ತು. ಸ್ಟ್ಯಾಂಡಿನಲ್ಲಿ ಪ್ರತಿ ಪಂದ್ಯಕ್ಕೂ ಬರ್ತಿದ್ದ ಹುಡುಗಿಯೊಬ್ಬಳು, ಅವನಿಗೆ ಹೆಸರೂ ಗೊತ್ತಿರಲಿಲ್ಲ, ಅವನ ಹಾಸ್ಟೆಲ್ ಬಾಗಿಲ ಕೆಳಗೆ ತೂರಿಸಿ ಹೋಗಿದ್ದಳಂತೆ. ಸಮಾಧಾನದ ಮಾತು ಒಂದೂ ಇರಲಿಲ್ಲ ಅದರಲ್ಲಿ. ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಅವನು ಎಡಕ್ಕೆ ಹಾರಿ ತಡೆದ ಒಂದು ಪೆನಾಲ್ಟಿ, ಮೂರನೇ ವರ್ಷ ಬೆರಳು ಮುರಿದ ಮೇಲೂ ಆಡಿದ ಒಂದು ಪಂದ್ಯ, ಹೀಗೆ ಐದಾರು ಸಂಗತಿ. ಯಾವ ಪಂದ್ಯ, ಎಷ್ಟನೇ ನಿಮಿಷ, ಎಲ್ಲ ಬರೆದಿದ್ದಳು. ಕೆಳಗೆ "ನಾನು ನೋಡಿದ್ದೆ" ಅಂತ ಇತ್ತು. ನನಗೇ ನೆನಪಿಲ್ಲದ್ದು, ತಾಯಿಗೆ, ಆ ಹುಡುಗಿಗೆ ನೆನಪಿತ್ತು. ಈಗ ಅವನು ಕೆಲಸಕ್ಕೆ ಸೇರಿ ಮೂರು ವರ್ಷ. ಕಾರ್ಡ್ ಗ್ಲೌಸ್ ಜೊತೆಗೇ ಇದೆ.

ನಿಮ್ಮ ಮಗಳಿಗೆ ಇದನ್ನು ಹೇಳಿ. ಅವಳಂಥವರು ಸ್ಟ್ಯಾಂಡಿನಲ್ಲಿ ಇರೋದು ಮೈದಾನದಲ್ಲಿರೋ ಮಕ್ಕಳಿಗೆ ಗೊತ್ತಾಗುತ್ತೆ. ಡ್ರಮ್ ನಿಂತರೆ ತಿರುಗಿ ನೋಡ್ತಾರೆ. ಸೀನಿಯರ್‌ಗಳು ಪದವಿ ಮುಗಿಸಿ ಚದುರಿಹೋಗೋ ಮುಂಚೆ ಒಬ್ಬೊಬ್ಬರಿಗೂ ಬರೀಲಿ. ಇನ್‌ಸ್ಟಾಗ್ರಾಮ್‌ನಲ್ಲಿ ಅಲ್ಲ, ಕೈಯಲ್ಲಿ. ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಹುಡುಗಿಗೆ ಮೊದಲು.

ಮತ್ತೆ ಮೈಸೂರಿನಿಂದ

ಎಲ್ಲರಿಗೂ ಕೈ ಮುಗಿತೀನಿ. ಎರಡೆರಡು ಸಲ ಓದಿದೆ.

ಇವತ್ತು ಬೆಳಿಗ್ಗೆ ಫೋನ್ ಮಾಡಿ, "ಪುಟ್ಟಿ, ನಾನು ಅವತ್ತು ಹಾಗೆ ಹೇಳಬಾರದಿತ್ತು. ನನಗೆ ಏನೂ ಗೊತ್ತಿಲ್ಲ, ಮೊದಲಿಂದ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ, ಲೋಟ ತಗೊಂಡ್ ಬಾ" ಅಂದಳು. ಡೈನಿಂಗ್ ಟೇಬಲ್ ಮೇಲೆ ಫೋನ್ ನಿಲ್ಲಿಸಿಕೊಂಡು ಅವಳು ಹೇಳಿದ ಕಡೆ ಲೋಟ ಇಡ್ತಾ ಹೋದೆ. ಹನ್ನೊಂದು ಲೋಟ ಇರಲಿಲ್ಲ, ಒಂಬತ್ತಕ್ಕೆ ಎರಡು ಕಾಫಿ ಬಟ್ಟಲು ಸೇರಿಸಿದೆ. ಎದುರಾಳಿಗಳಿಗೆ ಚಮಚ. ನಮ್ಮ ಯಜಮಾನರು ಚಾರ್ಜರ್ ಹುಡುಕ್ತಾ ಬಂದವರು ಅಲ್ಲೇ ಕೂತರು. ಒಂದು ಗಂಟೆ ಹತ್ತು ನಿಮಿಷ ಮಾತಾಡಿದಳು. ನಡುವೆ ಒಮ್ಮೆ ಅತ್ತಳು, ತಡೆಯಲಿಲ್ಲ. ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದವಳು ಇವಳ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಪಾಠ ಹೇಳಿಕೊಡುವ ಸೀನಿಯರ್ ಅಂತೆ. ಅವತ್ತಿನಿಂದ ಲ್ಯಾಬಿಗೆ ಬಂದಿಲ್ಲವಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ಒಹಾಯೊದ ತಾಯಿ ಹೇಳಿದ ಕಾರ್ಡಿನ ವಿಷಯ ತಿಳಿಸಿದೆ. ಏನೂ ಅನ್ನಲಿಲ್ಲ. ಆಮೇಲೆ ಮೆಸೇಜ್ ಬಂತು, ಕಾರ್ಡ್ ಏಳು ಬೇಕು, ಅಂಗಡಿಗೆ ಹೋಗ್ತಿದ್ದೀನಿ ಅಂತ.

ಟೇಬಲ್ ಮೇಲಿನ ಲೋಟ ಇನ್ನೂ ಎತ್ತಿಲ್ಲ. ಆಫ್‌ಸೈಡ್ ಅಂದರೆ ಏನು ಅನ್ನೋದನ್ನ ನಾಳೆ ಹೇಳ್ತಾಳಂತೆ.