ಕೆರೆಯ ಜೊಂಡನ್ನೆಲ್ಲ ತೆಗೆಸಬೇಕಾ?

ಏರಿಪಕ್ಕದಮನೆ:
ನಮ್ಮ ಬಡಾವಣೆ ಪಕ್ಕದಲ್ಲಿ ಒಂದು ಸಣ್ಣ ಕೆರೆ ಇದೆ, ಬೆಂಗಳೂರು ದಕ್ಷಿಣದಲ್ಲಿ. ಭಾನುವಾರ ಬೆಳಿಗ್ಗೆ ಒಂದಿಷ್ಟು ಜನ ಸೇರಿ ದಡದ ಪ್ಲಾಸ್ಟಿಕ್ ಆರಿಸುತ್ತೇವೆ. ಈಗ ವಾಟ್ಸಾಪ್ ಗ್ರೂಪಿನಲ್ಲಿ ಜಗಳ. ಜೆಸಿಬಿ ತರಿಸಿ ಜೊಂಡು, ನೀರ ಮೇಲೆ ತೇಲುವ ಅಂತರಗಂಗೆ ಎಲ್ಲ ಬಳಿಸಿಬಿಡೋಣ, ಏರಿ ಮೇಲೆ ಸಾಲಾಗಿ ಮರ ನೆಡೋಣ ಎಂದು ಅರ್ಧ ಜನ ಹಠ ಹಿಡಿದಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಜೊಂಡಿನಲ್ಲಿ ಗುಳುಮುಳುಕ ಹಕ್ಕಿಯ ಗೂಡಿದೆ. ಆದರೆ "ಸೊಳ್ಳೆಗೇನು ಮಾಡ್ತೀರಿ?" ಅಂದರೆ ಬಾಯಿ ಕಟ್ಟುತ್ತದೆ. ಅನುಭವ ಇದ್ದವರು ಹೇಳಿ.

ಜೆಪಿನಗರದಜ್ಜಿ:
ಜೊಂಡು ಬೇರೆ, ಅಂತರಗಂಗೆ ಬೇರೆ. ಎರಡನ್ನೂ ಒಂದೇ ಲಾರಿಗೆ ತುಂಬಬೇಡಿ ಮಾರಾಯರೇ.

ನೇರಳೆ ಹೂ ಬಿಡುವ ಅಂತರಗಂಗೆ ತೆಗೆಯಲೇಬೇಕು. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ, ಬೀಜ ಕೆಸರಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹೂ ಬಿಡುವ ಮುಂಚೆ ಎಳೆಯಿರಿ. ಎಳೆದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಒಂದು ಮಳೆಗೆ ವಾಪಸ್ ನೀರಿಗೆ! ಸೊಳ್ಳೆಗೆ ಆಸರೆ ಕೊಡುವುದೂ ಇದೇ ಚಾಪೆ. ನೀರು ತೆರೆದಿದ್ದರೆ ಸೊಳ್ಳೆಮರಿಗಳನ್ನು ಮೀನೇ ತಿನ್ನುತ್ತದೆ.

ಜೊಂಡನ್ನು ನೀರು ಒಳಗೆ ಬರುವ ಬಾಯಿಯಲ್ಲಿ ಬಿಡಿ. ಹೂಳನ್ನು ತಡೆಯುತ್ತದೆ, ಕೊಳೆಯನ್ನು ಸ್ವಲ್ಪ ಹೀರುತ್ತದೆ. ಜಕ್ಕೂರು ಕೆರೆ ನೋಡಿ ಬನ್ನಿ. ಅಲ್ಲಿ ಚರಂಡಿ ನೀರಿನ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು, ಆಮೇಲೆ ಕೆರೆಗೆ ಸೇರುತ್ತದೆ. ಘಟಕ ಶುರುವಾದಾಗ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಹಾಗಂತ ಹಸಿ ಚರಂಡಿ ನೀರನ್ನು ಜೊಂಡೊಂದೇ ತೊಳೆಯುತ್ತದೆ ಅಂದುಕೊಳ್ಳಬೇಡಿ, ಅದು ಆಗದ ಮಾತು.

ಕೆರೆಯೆಲ್ಲ ಜೊಂಡಾಗಿದ್ದರೆ ನಡುನಡುವೆ ತೆಗೆಯಿರಿ, ಗೂಡು ಖಾಲಿಯಾದ ಮೇಲೆ. ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದರೆ ಬೇರಿಗೆ ಗಾಳಿ ಹೋಗದೆ ಮತ್ತೆ ಚಿಗುರುವುದು ಕಡಿಮೆ. ಕುಡುಗೋಲು ಸಾಕು. ಜೆಸಿಬಿ ಓಡಿಸುವವನಿಗೆ ಗೂಡು ಕಾಣುತ್ತದಾ?

ತೂಬಿನಹತ್ತಿರ:
ಅಜ್ಜಿ ಹೇಳಿದ್ದು ಸರಿ. ಏರಿ ಮೇಲೆ ದೊಡ್ಡ ಮರ ಮಾತ್ರ ಬೇಡ. ಬೇರು ಸತ್ತು ಕೊಳೆತ ದಾರಿಯಲ್ಲೇ ನೀರು ಜಿನುಗಲು ಶುರುವಾಗುತ್ತದೆ. ಏರಿಗೆ ಹುಲ್ಲು ಇರಲಿ, ಹೊಂಗೆ, ನೇರಳೆ ಎಲ್ಲ ಆಚೆ ದಡಕ್ಕೆ.

ಏರಿಪಕ್ಕದಮನೆ:
ಥ್ಯಾಂಕ್ಸ್ ಅಜ್ಜಿ. ಸುಮ್ನೆ ನಾವೇ ಇಳಿದು ಕೊಯ್ಯಬಹುದಾ, ಯಾರನ್ನಾದರೂ ಕೇಳಬೇಕಾ?

ಜೆಪಿನಗರದಜ್ಜಿ:
ಕೇಳಲೇಬೇಕು. ಕೆರೆ ನಮ್ಮ ಹಿತ್ತಲಲ್ಲ. ನಮ್ಮ ಪುಟ್ಟೇನಹಳ್ಳಿ ಕೆರೆಗೆ 2010ರಲ್ಲಿ ಅಕ್ಕಪಕ್ಕದವರು ಟ್ರಸ್ಟ್ ಕಟ್ಟಿದರು, 2011ರಲ್ಲಿ ಪಾಲಿಕೆ ಜೊತೆ ಬರವಣಿಗೆಯಲ್ಲಿ ಒಪ್ಪಂದವಾಯಿತು. ಅಷ್ಟು ದೊಡ್ಡದು ನಿಮಗೆ ಈಗಲೇ ಬೇಡ. ಕೆರೆ ವಿಭಾಗದ ಎಂಜಿನಿಯರರಿಗೆ ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಫೋನಲ್ಲಿ "ಮಾಡಿ, ಮಾಡಿ" ಎಂದವರು ಮುಂದಿನ ತಿಂಗಳು ವರ್ಗವಾಗಿರುತ್ತಾರೆ.

ಅದಕ್ಕೂ ಮೊದಲು ಕೆರೆಗೆ ಮಳೆನೀರು ತರುವ ರಾಜಕಾಲುವೆ ಗುಂಟ ನಡೆದು, ಯಾವ ಪೈಪಿಂದ ಕೊಳಚೆ ಬೀಳುತ್ತಿದೆ ಅಂತ ಫೋಟೋ ತೆಗೆಯಿರಿ. ಮಳೆಯಿಲ್ಲದ ದಿನ ಹೋಗಿ. ಅಂದು ಕಾಲುವೆಯಲ್ಲಿ ಹರಿಯುವುದು ಬಹುತೇಕ ಕೊಳಚೆಯೇ. ಅದನ್ನು ಪತ್ರದಲ್ಲಿ ಮೊದಲ ಸಾಲಿಗೇ ಬರೆಯಿರಿ. ಅದು ನಿಲ್ಲದಿದ್ದರೆ ನೀವು ಎಳೆದಷ್ಟೂ ಅಂತರಗಂಗೆ ಬರುತ್ತಲೇ ಇರುತ್ತದೆ.